ಮಗುಚಿ ಹಾಕಿದ ವಾಷರ್

ಡೀಸೆಲಕ್ಕನ ಮುತ್ತಜ್ಜ ಗೋದಾಮಿನಲ್ಲಿ ಮೂಟೆ ಹೊತ್ತವನು. ಇಬ್ಬರು ಹೊರುವ ಪೆಟ್ಟಿಗೆಯನ್ನು ಒಬ್ಬನೇ ಹೊತ್ತು, ಹೆಗಲು ಕೊಡಲು ಬಂದವನನ್ನು ಕಾಲಲ್ಲಿ ಒದ್ದನಂತೆ. ಅಜ್ಜ ಕೈಗಾಡಿ ಎಳೆದವನು. ಗಾಡಿಯ ಒಂದು ಮಗ್ಗುಲಲ್ಲಿ ಅಚ್ಚು ಮುರಿದಾಗ ಆ ಕಡೆಯ ಭಾರವನ್ನೆಲ್ಲ ಬೆನ್ನಿಗೆ ಕೊಟ್ಟು ಎರಡು ಮೈಲಿ ನಡೆದ; ಮನೆಗೆ ಬಂದು ಮೂರು ವಾರ ಹಾಸಿಗೆ ಹಿಡಿದ. ಮನೆಯವರು ಅದನ್ನೂ ಶೌರ್ಯವೆಂದೇ ಹೇಳಿಕೊಂಡು ತಿರುಗಿದರು. ಅಪ್ಪ ಲಾರಿಯವನು. ಬ್ರೇಕ್ ಕೈಕೊಟ್ಟ ಲಾರಿಯನ್ನು ಇಳಿಜಾರಿನಲ್ಲಿ ಗೇರಿನಲ್ಲೇ ಹಿಡಿದು, ಮರಳು ಗುಡ್ಡೆಗೆ ಒರಗಿಸಿ, ಇಳಿದು ಮುಖ ತೊಳೆದುಕೊಂಡವನು. ಮುಪ್ಪಿನಲ್ಲಿ ಲಾರಿ ಮಾರಿ ಒಂದು ಡೀಸೆಲ್ ಪಿಕಪ್ ಕೊಂಡ. ಸಾಯುವ ಮುಂಚೆ ಅದರ ಕೀಲಿಯನ್ನು ಮಗನಿಗೆ ಕೊಡಲಿಲ್ಲ, ಮಗಳ ಕೈಗಿಟ್ಟ.

ಅಂದಿನಿಂದ ಅಕ್ಕತಮ್ಮಂದಿರ ನಡುವೆ ಬೆಂಕಿ ಬಿತ್ತು. ತಮ್ಮ ಮರುವರ್ಷವೇ ಹೊಸ ಪಿಕಪ್ ತಂದ. ಅಕ್ಕನ ಮನೆಯ ಮುಂದೆ ಹಾಯುವಾಗಲೆಲ್ಲ ಬೇಕೆಂದೇ ಹಾರ್ನ್ ಹೊಡೆಯುವುದನ್ನು ರೂಢಿ ಮಾಡಿಕೊಂಡ. ಅಕ್ಕ ಹೊಸ್ತಿಲಲ್ಲಿದ್ದರೆ ಥೂ ಎಂದು ಉಗಿದು ಒಳಗೆ ಹೋಗುತ್ತಿದ್ದಳು.

ಡೀಸೆಲಕ್ಕನಿಗೆ ಈಗ ಐವತ್ತೆರಡು. ಸೀರೆಯಲ್ಲಿ ಇಳಿದ ವಾಸನೆಯೇ ಆ ಹೆಸರು ತಂದುಕೊಟ್ಟದ್ದು. ಅವಳಿಗಿದ್ದದ್ದು ಒಂದೇ ಕೆಲಸ: ಆಸ್ಪತ್ರೆಯ ಮಾಸಿದ ಹಾಸಿಗೆ ಬಟ್ಟೆಗಳನ್ನು ಊರಾಚೆಯ ಲಾಂಡ್ರಿಗೆ ಒಯ್ಯುವುದು, ಒಗೆದು ಮಡಚಿದ್ದನ್ನು ಬೆಳಗ್ಗೆ ಏಳರೊಳಗೆ ಆಸ್ಪತ್ರೆಗೆ ಮುಟ್ಟಿಸುವುದು. ಎಂಟಕ್ಕೆ ಆಪರೇಷನ್‌ಗಳು ಶುರುವಾಗುತ್ತವೆ. ಶುಭ್ರವಾದ ಬಟ್ಟೆ ಇಲ್ಲದೆ ಅಲ್ಲಿ ಏನೂ ನಡೆಯದು.

ಒಂದು ತಿಂಗಳಿಂದ ಪಿಕಪ್ ಹಠ ಹಿಡಿದಿತ್ತು. ಸಮ ರಸ್ತೆಯಲ್ಲಿ ನೆಟ್ಟಗೆ ಓಡಿದ್ದು ಏರು ಕಂಡ ಕೂಡಲೇ ಬಿಕ್ಕುವುದು, ಎರಡು ಸಲ ಕೆಮ್ಮುವುದು, ನಿಂತುಬಿಡುವುದು. ಡೀಸೆಲ್ ಪೈಪಿನೊಳಗೆ ಎಲ್ಲಿಂದಲೋ ಗಾಳಿ ಸೇರಿ ಎಂಜಿನ್ನಿಗೆ ಡೀಸೆಲ್ ಸಿಗದಂತಾಗುವ ರೋಗ ಅದು. ಫಿಲ್ಟರಿನ ನೆತ್ತಿಯ ಮೇಲಿರುವ ಹ್ಯಾಂಡ್ ಪಂಪನ್ನು ಒತ್ತಿ ಒತ್ತಿ ಗಾಳಿ ಹೊರಗಟ್ಟಿದರೆ ಮತ್ತೆ ಹೊರಡುತ್ತಿತ್ತು. ಮುಂದಿನ ಏರಿನಲ್ಲಿ ಮತ್ತದೇ ರಾಗ. ಹೀಗೆ ಎರಡು ಸಲ ಆಸ್ಪತ್ರೆಗೆ ತಡವಾಯಿತು. ಬಟ್ಟೆ ಕೋಣೆಯ ಮೇಲ್ವಿಚಾರಕಿ ಗಡಿಯಾರಕ್ಕೆ ಬೆರಳು ಮಾಡಿ ಹೇಳಿದಳು:

"ಇನ್ನೊಂದ್ ಸಲ ಏಳು ದಾಟಿದ್ರೆ ಈ ಕೆಲ್ಸ ನಿಮ್ ತಮ್ಮಂಗೆ. ಅವ್ರು ಆಗ್ಲೇ ಬಂದು ಕೇಳ್ಕೊಂಡ್ ಹೋಗಿದಾರೆ."

ಡೀಸೆಲಕ್ಕ ಅಲ್ಲಿಂದ ಕೆಂಡ ಕಾರುತ್ತ ನೆಟ್ಟಗೆ ಮೆಕ್ಯಾನಿಕ್ಕಿನ ತಗಡಿನ ಶೆಡ್ಡಿಗೆ ಬಂದಳು. ಅವನು ಯಾವುದೋ ಗಾಡಿಯ ಕೆಳಗೆ ಮಲಗಿದ್ದ. ಹೊರಗೆ ಕಾಣುತ್ತಿದ್ದ ಕಾಲುಗಳಿಗೇ ಬೈಗುಳ ಶುರುವಾಯಿತು.

"ಎದ್ ಬಾರೋ ಈಚೆ! ಪೈಪ್ ಬದಲಾಯಿಸ್ದೆ, ಟ್ಯಾಂಕ್ ತೊಳ್ದೆ, ಏನ್ ಕಿಸ್ದೆ? ಗಾಡಿ ಥೇಟ್ ನಿನ್ ಹಂಗೇ ಆಗಿದೆ, ಏರು ಅಂದ್ರೆ ಕೂತ್ಬಿಡುತ್ತೆ."

ಮೆಕ್ಯಾನಿಕ್ ತೆವಳಿಕೊಂಡು ಹೊರಬಂದ. "ಅಕ್ಕಾ, ಗಾಡಿಗೆ ವಯಸ್ಸಾಯ್ತು."

"ನಂಗೂ ಆಯ್ತು. ನಾನೆಲ್ಲಾದ್ರೂ ನಡುರಸ್ತೇಲಿ ನಿಂತಿದೀನಾ?"

"ಫಿಲ್ಟರ್ ಒಂದ್ ಉಳಿದಿದೆ. ಬಿಚ್ಚಿ ನೋಡ್ಬಿಡ್ತೀನಿ."

"ಅದನ್ ಮುಟ್ಟಿದ್ರೆ ಕೈ ಮುರೀತೀನಿ. ಹೋದ್ ತಿಂಗ್ಳು ನನ್ ಕೈಯಾರೆ ಹಾಕಿದ ಫಿಲ್ಟರ್ ಅದು. ನಮ್ಮಪ್ಪ ಕಲಿಸಿದ ಕೆಲ್ಸ, ನಿನ್ ಥರ ನೋಡ್ಕೊಂಡ್ ಕಲ್ತಿದ್ದಲ್ಲ. ನನ್ ತಮ್ಮ ನಿಂಗೇನ್ ತಿನ್ನಿಸಿದಾನೆ, ಅದನ್ ಬೊಗಳು ಮೊದ್ಲು."

ಮೆಕ್ಯಾನಿಕ್ ಕೈಲಿದ್ದ ಸ್ಪ್ಯಾನರನ್ನು ಡಬ್ಬಿಗೆ ಎಸೆದ. "ಇಷ್ಟ್ ದಿನ ವಯಸ್ಸಿಗೆ ಮರ್ಯಾದೆ ಕೊಟ್ಟೆ. ಗಾಡಿ ತಗೊಂಡ್ ನಡೀರಿ. ಇನ್ಮೇಲೆ ಈ ಶೆಡ್ ಮೆಟ್ಲು ಹತ್ಬೇಡಿ."

"ಇದಕ್ಕೆ ಮೆಟ್ಲು ಬೇರೆ ಇದ್ಯಾ!" ಎಂದು ಅವಳು ಹೊರಟುಬಂದಳು.

ಅದಾದ ಮೂರನೆಯ ಬೆಳಗ್ಗೆ, ಆರೂ ಇಪ್ಪತ್ತಕ್ಕೆ, ಸೇತುವೆಯ ಏರಿನ ಬುಡದಲ್ಲಿ ಪಿಕಪ್ ಬಿಕ್ಕಿತು, ಕೆಮ್ಮಿತು, ನಿಂತಿತು. ಹಿಂದೆ ಬಟ್ಟೆಯ ನಲವತ್ತು ಗಂಟುಗಳಿದ್ದವು. ಡೀಸೆಲಕ್ಕ ಬಾನೆಟ್ ಎತ್ತಿದಳು. ಈ ಸಲ ಸುಮ್ಮನೆ ಪಂಪ್ ಒತ್ತಲಿಲ್ಲ. ಹಳೇ ಬಟ್ಟೆ ತೆಗೆದುಕೊಂಡು ಪೈಪು, ಬೋಲ್ಟು, ಸಂದುಗೊಂದು ಎಲ್ಲವನ್ನೂ ಒಣಗುವ ತನಕ ಒರೆಸಿದಳು. ಗಾಳಿ ನುಗ್ಗುವ ಸಂದಿನಲ್ಲೇ ಪಂಪ್ ಒತ್ತಿದಾಗ ಡೀಸೆಲ್ ಜಿನುಗುತ್ತದೆ, ಮೆಕ್ಯಾನಿಕ್ ಮಾಡಿದ ಮೋಸ ಎಲ್ಲಿದೆಯೋ ಅಲ್ಲಿ ಒದ್ದೆಯಾಗಲೇಬೇಕು ಎಂಬುದು ಅವಳ ಎಣಿಕೆ. ಆಮೇಲೆ ಪಂಪ್ ಒತ್ತುತ್ತ ಕಣ್ಣು ಕೀಲಿಸಿ ನಿಂತಳು. ಮೆಕ್ಯಾನಿಕ್ ಹಾಕಿದ ಪೈಪು ಒಣಗಿಯೇ ಇತ್ತು. ಫಿಲ್ಟರಿನ ತಲೆಯ ಮೇಲಿನ ಬೋಲ್ಟಿನ ಸುತ್ತ ಮಾತ್ರ ಡೀಸೆಲ್ ಸಣ್ಣಗೆ ಉಂಗುರದ ಹಾಗೆ ಜಿನುಗಿತು.

ಅದು ಅವಳೇ ಬಿಗಿದ ಬೋಲ್ಟು.

ಬಿಚ್ಚಿ, ಅದರಡಿ ಸಂದು ಮುಚ್ಚುವ ತಾಮ್ರದ ವಾಷರನ್ನು ಅಂಗೈಗೆ ಹಾಕಿಕೊಂಡಳು. ಎಲೆಯ ಹಾಗೆ ತೆಳ್ಳಗಾಗಿ, ಎರಡೂ ಮುಖದಲ್ಲಿ ಗೀರು ಬಿದ್ದಿತ್ತು. ಫಿಲ್ಟರ್ ಹಾಕುವಾಗ ಹಳೇ ವಾಷರನ್ನು ಬಿಸಾಡದೆ ಮಗುಚಿ ಹಾಕುವುದು ಅಪ್ಪನ ಪದ್ಧತಿ. 'ಇನ್ನೊಂದು ಮುಖ ಹೊಸದೇ ಅಲ್ವೇನೇ' ಎನ್ನುತ್ತಿದ್ದ. ಅವನು ಒಂದು ಸಲ ಮಗುಚಿದ್ದನ್ನು ಇವಳು ಇನ್ನೊಂದು ಸಲ ಮಗುಚಿದ್ದಳು. ಒಂದು ತಿಂಗಳು ಊರವರ ತಲೆಯ ಮೇಲೆಲ್ಲ ಗೂಬೆ ಕೂರಿಸಿದ್ದು ಇದಕ್ಕೆ. ಮೆಕ್ಯಾನಿಕ್ಕಿನ ಮೇಲೆ ಅವಳಿಗೆ ಮರುಕವೇನೂ ಹುಟ್ಟಲಿಲ್ಲ. ಹುಟ್ಟಿದ್ದು ಸಿಟ್ಟು; ಅದೂ ಅಪ್ಪನ ಮೇಲೆ, ಬದುಕಿನಲ್ಲಿ ಮೊದಲ ಸಲ.

ಸೀಟಿನಡಿ ಲಾಂಡ್ರಿಯವರು ಕೊಟ್ಟ ಗಟ್ಟಿ ಸೋಪಿತ್ತು. ಚೂರು ಮುರಿದು, ಬಾಟಲಿಯ ನೀರು ಹನಿಸಿ, ಹಿಟ್ಟಿನ ಹಾಗೆ ನಾದತೊಡಗಿದಳು. ಅಷ್ಟರಲ್ಲಿ ಹಾರ್ನ್ ಕೇಳಿಸಿತು. ತಮ್ಮ ತನ್ನ ಹೊಸ ಗಾಡಿಯನ್ನು ಅವಳ ಗಾಡಿಯ ಮೂತಿಗೇ ತಂದು ನಿಲ್ಲಿಸಿ ಇಳಿದ. ಹೆಗಲ ಮೇಲೆ ಹಗ್ಗ.

"ಏನಕ್ಕಾ, ರಸ್ತೇಲೇ ಬಟ್ಟೆ ಒಗೀತಿದೀಯಾ?"

"ನಿನ್ ನಾಲಿಗೆ ತೊಳೆಯೋಣಾಂತ. ಚಾಚು."

"ಹಗ್ಗ ಕಟ್ತೀನಿ. ಹತ್ತು ನಿಮಿಷಕ್ಕೆ ಆಸ್ಪತ್ರೆ ಬಾಗ್ಲಲ್ಲಿ ಬಿಡ್ತೀನಿ."

"ಆಮೇಲೆ ಮೇಲ್ವಿಚಾರಕಿ ಕಿಟಕೀಲಿ ನಿಂತು, ಯಾರ್ ಗಾಡಿ ಯಾರನ್ನ ಎಳ್ಕೊಂಡ್ ಬಂತು ಅಂತ ನೋಡ್ಲಿ. ಅಲ್ವಾ? ಹಗ್ಗ ಸುತ್ತಿಡು."

ತಮ್ಮ ನಕ್ಕ. ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಅವಳ ಅಂಗೈಯಲ್ಲಿದ್ದ ವಾಷರ್ ಕಂಡಿತು. ನಗು ಅರ್ಧಕ್ಕೇ ನಿಂತಿತು.

"ಮಗುಚಿ ಹಾಕಿದ್ಯಾ? ಅಪ್ಪನ ಚಾಳಿ ಇನ್ನೂ ಬಿಟ್ಟಿಲ್ವಾ ನೀನು?"

ಅವಳು ಹಳೇ ವಾಷರನ್ನೇ ಹಾಕಿ ಬೋಲ್ಟ್ ಬಿಗಿದಳು. ಸೋಪನ್ನು ಸುತ್ತಲೂ ಮೆತ್ತಿ, ಹಳೇ ಬಟ್ಟೆಯ ಪಟ್ಟಿ ಹರಿದು ಬಿಗಿಯಾಗಿ ಸುತ್ತಿದಳು. ಪಂಪ್ ಒತ್ತಿ, ಒಳಗೆ ಕೂತು ಕೀಲಿ ತಿರುಗಿಸಿದಳು. ನಾಲ್ಕನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಕೈಗಡಿಯಾರ ಆರೂ ನಲವತ್ತು ತೋರಿಸುತ್ತಿತ್ತು.

ತಮ್ಮ ತನ್ನ ಗಾಡಿಗೆ ಓಡಿಹೋಗಿ ವಾಪಸು ಬಂದು ಕಿಟಕಿಯೊಳಗೆ ಕೈ ಚಾಚಿದ. ಬೆರಳುಗಳ ನಡುವೆ ಮಿರಮಿರ ಮಿಂಚುವ ಹೊಸ ವಾಷರ್.

"ಸೋಪು ಈ ಏರಿಗೆ ತಡಿಯಲ್ಲ, ಅಕ್ಕ. ಇದನ್ ಹಾಕ್ಕೋ. ಎರಡೇ ನಿಮಿಷದ ಕೆಲ್ಸ. ಹಗ್ಗ ಬೇಡ, ಬಿಡು. ಇದೊಂದ್ ತಗೋ."

ಡೀಸೆಲಕ್ಕ ಅದನ್ನು ನೋಡಿದಳು. ತನ್ನ ಗಾಡಿಗೆ ಸರಿಯಾಗಿ ಕೂರುವ ಅಳತೆಯದೇ.

"ಕೈ ತೆಗಿ, ಗಾಜು ಏರಿಸ್ತೀನಿ. ಹಳೇದನ್ನ ಮಗುಚಿ ಹಾಕಿದ್ದು ನಾನು, ಅನುಭವಿಸೋಳೂ ನಾನೇ. ನಿನ್ ವಾಷರ್ ನಿನ್ ಜೇಬಲ್ಲಿರ್ಲಿ. ಹೋಗಿ ಆಸ್ಪತ್ರೆ ಗೇಟಲ್ಲಿ ಕಾಯ್ತಾ ನಿಂತ್ಕೋ. ಏಳರೊಳಗೆ ಬಂದ್ರೆ ಬದಿಗೆ ಸರಿ; ಬರ್ಲಿಲ್ವಾ, ಕೆಲ್ಸ ನೀನೇ ಮಾಡ್ಕೊಂಡ್ ಸಾಯಿ. ಈಗ ನಿನ್ ಗಾಡಿ ತೆಗಿಯೋ, ಏರಿಗೆ ಅಡ್ಡ ನಿಂತಿದೆ."