ಹುಲಗೇಶನ ಮೊದಲ ಪ್ರಶ್ನೆ

ಅಮೀರ್‌ಪೇಟೆಯಲ್ಲಿ ಕಂಪ್ಯೂಟರಿನ ಬಿಡಿಭಾಗ ಮಾರುವ ಹುಲಗೇಶ, ಮದರ್‌ಬೋರ್ಡು ಕೇಳಿ ಬಂದವರ ಬಜೆಟ್ಟನ್ನು ಮೊದಲು ವಿಚಾರಿಸುವವನಲ್ಲ; "ಎಷ್ಟನೇ ಮಾಳಿಗ್ಯಾಗ ಇರ್ತೀರಿ? ಮ್ಯಾಲ ಸ್ಲ್ಯಾಬ್ ಐತೋ, ತಗಡೋ?" ಎನ್ನುತ್ತಾನೆ. ಕೊಳ್ಳಲು ಬಂದ ಹುಡುಗರು ನಕ್ಕರೆ, "ಕಂಪನಿ ಹೇಳಿದ್ದಕ್ಕಿಂತ ಜೋರ್ ಪ್ರೊಸೆಸರ್ ಓಡ್ಸವ್ರು ನೀವು, ತಗಡಿನ ಕಾವಿಗೆ ಬೆವರು ಸುರಿಸೂದು ಮಾತ್ರ ಬೋರ್ಡ್!" ಎಂದು ಗದರುತ್ತಾನೆ. ಬಣ್ಣದ ದೀಪ ಮಿನುಗುವ ಬೋರ್ಡುಗಳನ್ನು "ಇವು ಪಾನ್ ಅಂಗಡಿಗೆ ಚಂದ" ಎಂದು ಬದಿಗೆ ಸರಿಸಿ, ಬದನೆಕಾಯಿ ಆರಿಸುವವನಂತೆ ಒಂದೊಂದನ್ನೂ ತಿರುಗಿಸಿ ನೋಡಿ, ವಿದ್ಯುತ್ ಹಂಚುವ ಭಾಗದ ಮೇಲೆ ಕಾವು ಹೀರುವ ದಪ್ಪನೆಯ ಲೋಹದ ಹೊದಿಕೆಯಿದ್ದರಷ್ಟೇ ಒಪ್ಪುತ್ತಾನೆ. "ಸೋವಿ ಇರ್ಲಿ, ಸೊರಗಿರಬಾರ್ದು" ಎಂಬುದು ಅವನ ಸಿದ್ಧಾಂತ. ಎದುರು ಮಾತಾಡಿದವರನ್ನು ಹಿಂದಿ, ತೆಲುಗು, ಕನ್ನಡ ಮೂರರಲ್ಲೂ ಬೈಯುತ್ತಾನೆ; ಬೈಸಿಕೊಂಡವರೇ ಗೆಳೆಯರನ್ನೂ ಕರೆತರುತ್ತಾರೆ. ಮೊನ್ನೆ ಸುಡುಬಿಸಿಲಿನಲ್ಲಿ, ಮದುವೆಯ ವಿಡಿಯೊಗಳನ್ನು ಜೋಡಿಸಿಕೊಟ್ಟು ಬದುಕುವ ಮೈಸೂರಿನ ಅನ್ವಿತಾ ಬಂದಳು. ಇಲ್ಲೇ ಹತ್ತಿರ, ತಾರಸಿಯ ಮೇಲಿನ ಆಕೆಯ ತಗಡಿನ ಬಾಡಿಗೆ ಕೋಣೆಯಲ್ಲಿ ಹಳೆಯ ಬೋರ್ಡು ಸುಟ್ಟುಹೋಗಿ ಕೆಲಸ ನಿಂತಿತ್ತು. ಹುಲಗೇಶ ಆರಿಸಿದ್ದನ್ನು ನೋಡಿ ಆಕೆ, "ಅಣ್ಣಾ, ಇದು ನನ್ನ ರೂಮಿನ ಸೆಕೆ ತಡೆಯುತ್ತಾ? ಇದೂ ಹೋದರೆ ಇರೋ ಕೆಲಸಾನೂ ಹೋಗುತ್ತೆ" ಎಂದಳು. "ಬೋರ್ಡ್ ತಡೀತೈತಿ, ಅದಕ್ಕ ನಾ ಜಿಮ್ಮೇದಾರ" ಎಂದ ಹುಲಗೇಶ ಆಕೆಯ ಬೆವರಿದ ಮುಖ ನೋಡಿದ. "ನೀ ಹೆಂಗ ತಡೀತಿ ತಂಗಿ?" ಎಂದವನೇ, ತನ್ನ ಕುರ್ಚಿಯ ಪಕ್ಕದ ಟೇಬಲ್ ಫ್ಯಾನಿನ ವಯರು ಕಿತ್ತು ಸುತ್ತಿ, ಅದನ್ನು ಬೋರ್ಡಿನ ಡಬ್ಬದ ಪಕ್ಕದಲ್ಲಿಟ್ಟ: "ಮಳಿ ಬಿದ್ದ ಮ್ಯಾಲ ತಂದು ಕೊಡು."