ಮೂರನೆಯ ಕಾಲದ ಹರಿಣಾಕ್ಷಿ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಆ ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ, ಶುಕ್ರವಾರದ ಊಟವಾದ ಮೇಲೆ, ಗೂಢಚಾರರ ವಿಚಾರ ಗಂಡಸರ ಪಾಲು, ಉಪಚಾರ ಹರಿಣಾಕ್ಷಿಯ ಪಾಲು ಎಂದು ಯಾರೂ ಕಾನೂನು ಮಾಡಿರಲಿಲ್ಲ. ಯಾರೂ ಮಾಡದ ಕಾನೂನುಗಳೇ ಹೆಚ್ಚು ಗಟ್ಟಿ.

ವಿಚಾರವೆಂದರೆ 'ಹಾಲೋ ಲೇನ್' ಎಂಬ ಇಂಗ್ಲಿಷ್ ಧಾರಾವಾಹಿಯದು. ಲಂಡನ್ನಿನ ಒಂದು ಓಣಿ, ಅಲ್ಲೊಂದು ಪಿಯಾನೊ ರಿಪೇರಿಯ ಅಂಗಡಿ, ಅಂಗಡಿಯ ಹಿಂದೆ ಬೇಹುಗಾರರ ಕಚೇರಿ, ಕಚೇರಿಯಲ್ಲಿ ಪೆಂಬರ್ಟನ್ ಎಂಬ ಬೇಹುಗಾರ. ಇಪ್ಪತ್ತು ವರ್ಷ ನಡೆದ ಧಾರಾವಾಹಿಯಾದ್ದರಿಂದ ಅದಕ್ಕೆ ಮೂರು ಕಾಲಗಳು. ಒಂದನೆಯ ಕಾಲ ಕಪ್ಪು-ಬಿಳುಪು: ಮಂಜು, ಓವರ್‌ಕೋಟು, ಪಿಸುಮಾತು. ಎರಡನೆಯದು ಬಣ್ಣದ್ದು: ಹಾರುವ ಕಾರು, ಸಿಡಿಯುವ ಸೇತುವೆ. ಮೂರನೆಯದರಲ್ಲಿ ಪೆಂಬರ್ಟನ್‌ನ ತಲೆ ನರೆತಿದೆ, ಮಂಡಿ ನೋಯುತ್ತದೆ, ಮೇಲಧಿಕಾರಿಯಾಗಿ ಮಿಸೆಸ್ ಆರ್ಡನ್ ಎಂಬ ವಿಧವೆ ಬಂದು ಕೂತಿದ್ದಾಳೆ. ಇಲ್ಲಿಯ ಇಂಗ್ಲಿಷ್ ಚಾನೆಲ್ಲು ತೊಂಬತ್ತೈದರ ಬೇಸಿಗೆಯಿಂದ ಮರುವರ್ಷದ ಬೇಸಿಗೆಯೊಳಗೆ ಮೂರೂ ಕಾಲಗಳನ್ನು ಒಂದರ ಹಿಂದೊಂದು ಹಾಕಿ ಕೈತೊಳೆದುಕೊಂಡಿತು. ಯಾವ ಕಾಲ ಮೇಲು ಎಂಬ ಜಗಳವನ್ನು ಮಾತ್ರ ವೀಕ್ಷಕರಿಗೇ ಬಿಟ್ಟುಹೋಯಿತು.

ಕಪ್ಪು-ಬಿಳುಪಿನ ಪಕ್ಷಕ್ಕೆ ಲಿಯೊನೆಲ್ ಪಾಯ್ಸ್ ನಾಯಕ. ಮಂಗಳೂರಿನವರು, ದುಬೈಯ ನೈಫ್ ಪೇಟೆಯಲ್ಲಿ ವಾಚಿನ ಅಂಗಡಿ. ಎರಡು ಗಂಟೆ ಕಾರು ಓಡಿಸಿಕೊಂಡು ವಾದಕ್ಕೆಂದೇ ಬರುವವರು. ಬಣ್ಣದ ಪಕ್ಷಕ್ಕೆ ಬಾಗಲಕೋಟೆಯ ಸಿವಿಲ್ ಎಂಜಿನಿಯರ್ ಮುರುಗೆಪ್ಪ. ಸೇತುವೆ ಕಟ್ಟುವವರಿಗೆ ಸೇತುವೆ ಸಿಡಿಯುವುದು ಯಾಕಷ್ಟು ಇಷ್ಟವೋ, ಅವರ ಹೆಂಡತಿ ಶಾಂತವ್ವನಿಗೂ ಗೊತ್ತಿರಲಿಲ್ಲ. ಎರಡೂ ಪಕ್ಷಗಳಿಗೆ ಟೇಪು ಒದಗಿಸುವವನು ಮನೆಯ ಯಜಮಾನ ಶೀನಪ್ಪ. ಉಡುಪಿಯವನು, ಅಲ್ ಮೀನಾ ಬಂದರಿನಲ್ಲಿ ಹಡಗುಗಳಿಗೆ ದಿನಸಿ ಪೂರೈಸುವ ಕಂಪೆನಿಯಲ್ಲಿ ಕೆಲಸ. ಧಾರಾವಾಹಿಯನ್ನು ಕಂತು ಬಿಡದೆ ರೆಕಾರ್ಡ್ ಮಾಡಿದ್ದು ಅವನೊಬ್ಬನೇ. ಪ್ರಸಾರದ ಹೊತ್ತಿಗೆ ಅಂಗಡಿ, ಸೈಟು ಬಿಟ್ಟು ಬರಲಾಗದ ಬೇರೆಯವರದ್ದೆಲ್ಲ ಅವನ ಟೇಪಿನ ನಕಲು. ವಿಸಿಆರ್ ಇದ್ದವನಲ್ಲಿಗೇ ವಿಚಾರವೂ ಬರುತ್ತದೆ.

ಮೂರನೆಯ ಕಾಲಕ್ಕೆ ಇದ್ದವಳು ಶೀನಪ್ಪನ ಹೆಂಡತಿ ಹರಿಣಾಕ್ಷಿ ಒಬ್ಬಳೇ. ಅವಳು ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. 'ಉಸಿರು ಬಿಗಿಹಿಡಿಯಿರಿ' ಎಂಬುದನ್ನು ಐದು ಭಾಷೆಗಳಲ್ಲಿ ಹೇಳಬಲ್ಲವಳು. ದಿನವಿಡೀ ಜನರ ಒಳಗನ್ನು ಕಪ್ಪು-ಬಿಳುಪಿನಲ್ಲಿ ನೋಡುವವಳಿಗೆ ಮನೆಯಲ್ಲೂ ಅದು ಬೇಡವಾಗಿತ್ತೋ ಏನೋ. ಅವಳು ಬಾಯಿ ತೆರೆದಾಗಲೆಲ್ಲ ಕಪ್ಪು-ಬಿಳುಪಿನವರ ಚಹಾದ ಕಪ್ಪು ಖಾಲಿಯಾಗಿರುತ್ತಿತ್ತು.

ಆ ಶುಕ್ರವಾರವೂ ಹಾಗೆಯೇ ಆಯಿತು.

"ಮೂರನೇ ಕಾಲವಾ? ಎಂತ ಮಾರಾಯ್ತಿ!" ಎಂದರು ಪಾಯ್ಸ್. "ಪೆಂಬರ್ಟನ್ ಬಾಗಿಲು ತಟ್ಟುತ್ತಾನೆ, ಮರುಕ್ಷಣ ಹಡಗಿನಲ್ಲಿ ಕೂತಿರ್ತಾನೆ. ಯಾರು ಹೊತ್ತುಕೊಂಡು ಹೋದದ್ದು, ಆಂಜನೇಯನಾ? ಅದು ಕಥೆಯಾ?"

"ಎಲ್ಲಾ ಕಂತೂ ಹಂಗ ಅದಾವ್ರೀ ಅಕ್ಕಾರ," ಎಂದರು ಮುರುಗೆಪ್ಪ. "ನಡುವ ಒಂದು ಕಮಾನೇ ಇಲ್ಲದ ಬ್ರಿಜ್ಜು. ಡಿಸೈನ್ ಫಾಲ್ಟ್."

"ಬಾಗಿಲು ತೆರೆದ ಮೇಲೆ ಅಷ್ಟು ಮಾತು ಉಂಟಲ್ಲ," ಎಂದಳು ಹರಿಣಾಕ್ಷಿ. "ನೀವು ನೋಡುವಾಗ ನಿದ್ದೆ ಮಾಡ್ತಿದ್ರಾ?"

"ಚಹಾ ಆಯ್ತಾ?" ಎಂದ ಶೀನಪ್ಪ.

ಅವಳು ತಟ್ಟೆಯನ್ನು ಟೀಪಾಯಿಯ ಮೇಲೆ ಸದ್ದಾಗುವಂತೆ ಇಟ್ಟಳು. "ಬರುವ ಶುಕ್ರವಾರ ಓಟು ಹಾಕುವ. ಶಾಂತಕ್ಕ, ನಮ್ಮ ದೀಪ್ತಿ, ಎಲ್ಲರಿಗೂ ಓಟು. ಮೂರನೇ ಕಾಲ ಗೆಲ್ಲದಿದ್ರೆ ನಾನು ಇನ್ನು ಈ ಹಾಲ್‌ನಲ್ಲಿ ಬಾಯಿ ಬಿಡುವುದಿಲ್ಲ, ಚಹಾ ಕೊಟ್ಟು ಒಳಗೆ ಹೋಗ್ತೇನೆ. ಗೆದ್ರೆ ಸೋಫಾ ನನಗೆ, ಅಡುಗೆಮನೆ ನಿಮಗೆ."

"ಡನ್!" ಎಂದರು ಪಾಯ್ಸ್, ಅಡುಗೆಮನೆ ಯಾವ ಕಡೆಗಿದೆ ಎಂದೂ ನೋಡದೆ.

ಮರುದಿನ ಕ್ಲಿನಿಕ್ಕಿನಿಂದ ಬಂದವಳೇ ಹರಿಣಾಕ್ಷಿ ಆ ಕಂತಿನ ಟೇಪು ಹಾಕಿದಳು. ಮೂರನೆಯ ಕಾಲದ ಟೇಪುಗಳನ್ನು ಅವಳು ಅದುವರೆಗೆ ನೋಡಿರಲಿಲ್ಲ. ಪ್ರಸಾರವಾದ ದಿನವೇ ಚಪಾತಿ ಲಟ್ಟಿಸುತ್ತ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದಾಗಿತ್ತು. ಬೆಳಗಾಗುವುದರೊಳಗೆ ಟೇಪು ನಕಲಿಗೆಂದು ದುಬೈ ಸೇರಿರುತ್ತಿತ್ತು. ಪೆಂಬರ್ಟನ್ ಬಾಗಿಲು ತಟ್ಟಿದ. ಪರದೆ ಒಮ್ಮೆ ನಡುಗಿತು. ಪೆಂಬರ್ಟನ್ ಹಡಗಿನಲ್ಲಿದ್ದ.

ಇನ್ನೊಂದು ಟೇಪು ಹಾಕಿದಳು. ಅಲ್ಲೂ ನಡುವೆ ನಡುಕ, ನೆಗೆತ. ಮತ್ತೊಂದರಲ್ಲೂ ಅದೇ. ಯಾರ ಎದೆಯ ಚಿತ್ರದಲ್ಲಾದರೂ ಇಂಥ ಗೆರೆ ಕಂಡರೆ ಅವಳು ಬಿಡುವವಳಲ್ಲ. ಸುಮ್ಮನೆ ಕೂತು ನೆನಪಿಸಿಕೊಂಡಳು. ಬೇಸಿಗೆಯಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ, ರಾತ್ರಿಯ ಬಾಂಗು ಬರುವಾಗ ಒಂದನೆಯ ಕಾಲದ ಕಂತುಗಳು ಮುಗಿದಿರುತ್ತಿದ್ದವು. ಚಳಿಗಾಲದಲ್ಲಿ ಬಾಂಗು ಮೊದಲು, ಎರಡನೆಯ ಕಾಲ ಆಮೇಲೆ. ಚಳಿ ಇಳಿದು ಸೆಕೆ ಏರುವ ತಿಂಗಳುಗಳಲ್ಲಿ ಬಂದ ಮೂರನೆಯ ಕಾಲಕ್ಕೆ ಮಾತ್ರ ಬಾಂಗು ಸರಿಯಾಗಿ ಕಂತಿನ ನಡುವೆ. ಚಾನೆಲ್ಲಿನವರು ಧಾರಾವಾಹಿ ನಿಲ್ಲಿಸಿ ಬಾಂಗು ಹಾಕುತ್ತಿದ್ದರು, ಮುಗಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

"ಬಾಂಗು ಬಂದಾಗ ನೀವೆಂತ ಮಾಡ್ತಿದ್ರಿ?" ಎಂದು ಗಂಡನನ್ನು ಕೇಳಿದಳು.

"ಪಾಜ್ ಒತ್ತಿ ರೆಕಾರ್ಡಿಂಗ್ ನಿಲ್ಲಿಸ್ತಿದ್ದೆ. ಟೇಪು ಉಳಿಯಬೇಡವಾ?" ಎಂದ ಶೀನಪ್ಪ ಹೆಮ್ಮೆಯಿಂದ.

"ಆಮೇಲೆ?"

"ಆಮೇಲೆ ಬಾಲ್ಕನಿಯಲ್ಲಿ ಒಂದು ಸಿಗರೇಟು." ಸ್ವಲ್ಪ ತಡೆದು, "ಪಕ್ಕದ ಬಾಲ್ಕನಿಯಲ್ಲಿ ಅಬ್ದುಲ್ ಸಲಾಂ ಇದ್ರೆ ಎರಡು," ಎಂದ. ಅಬ್ದುಲ್ ಸಲಾಂ ಮಾತಿನಲ್ಲಿ ಉಳಿತಾಯ ಮಾಡುವ ಮನುಷ್ಯನಲ್ಲ.

ಅಷ್ಟರಲ್ಲಿ ಬಾಂಗು ಮುಗಿದು ಮಿಸೆಸ್ ಆರ್ಡನ್ ಬಾಗಿಲು ತೆರೆದಿರುತ್ತಿದ್ದಳು. ಅದನ್ನು ನೋಡಲು ಹಾಲ್‌ನಲ್ಲಿ ಗಂಡನಿಲ್ಲ, ಹಿಡಿಯಲು ವಿಸಿಆರ್ ಎಚ್ಚರವಿಲ್ಲ. ನೋಡಿದ್ದು ಚಪಾತಿಯ ಹಿಟ್ಟು ಮೆತ್ತಿದ ಕೈಯವಳು ಮಾತ್ರ. ಎರಡು ನಗರಗಳ ಅಭಿಮಾನಿಗಳು ತಿಂಗಳುಗಟ್ಟಲೆ ಹೀಗಳೆದಿದ್ದು ಮೂರನೆಯ ಕಾಲವನ್ನಲ್ಲ, ಶೀನಪ್ಪನ ಸಿಗರೇಟನ್ನು.

ಶೀನಪ್ಪನ ಮುಖ ಬಾಡಿತು. "ಪಾಯ್ಸರಿಗೆ ಹೇಳ್ತೀಯಾ?"

"ಹೇಳದೆ? ನಿಮ್ಮ ಹೊಗೆಗೆ ನಾನು ಕಣ್ಣುಜ್ಜಿಕೊಳ್ಳಬೇಕಾ?"

ಶುಕ್ರವಾರ ಎಲ್ಲರೂ ಸೇರಿದಾಗ ಹೇಳಿಯೇಬಿಟ್ಟಳು. ಮುರುಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಯ್ಸ್ ನಗಲಿಲ್ಲ. ಅವರ ನಾಲಿಗೆಯೂ ಅವರ ಅಂಗಡಿಯ ವಾಚುಗಳಂತೆ, ಸುಲಭಕ್ಕೆ ನಿಲ್ಲುವುದಿಲ್ಲ.

"ಇರಲಿ ಅಕ್ಕ. ಆದರೆ ಹೋದ ಭಾಗ ಈಗ ಅರಬರು ಹೇಳುವ ಹಾಗೆ ಮಾಫಿ, ಇಲ್ಲವೇ ಇಲ್ಲ. ಇಲ್ಲದ್ದಕ್ಕೆ ಓಟು ಹಾಕುವುದು ಹೇಗೆ? ಟೇಪು ಎಲ್ಲಿ ಉಂಟು?"

"ಇಲ್ಲಿ," ಎಂದು ಹರಿಣಾಕ್ಷಿ ತನ್ನ ಎದೆ ಮುಟ್ಟಿ ತೋರಿಸಿದಳು. "ಟೇಪು ನಾನೇ."

ವಿಸಿಆರ್ ಓಡಿತು. ಮೇಲಧಿಕಾರಿ ಮಿಸೆಸ್ ಆರ್ಡನ್‌ಳೇ ದೇಶದ್ರೋಹಿ ಎಂಬ ಸುದ್ದಿ ಬಂದಿದೆ. ಅವಳನ್ನು ಹಿಡಿದು ತರಲು ಪೆಂಬರ್ಟನ್ ಹೊರಟಿದ್ದಾನೆ. ಬಾಗಿಲು ತಟ್ಟಿದ. ಹರಿಣಾಕ್ಷಿ ರಿಮೋಟ್ ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಟಿವಿಗೆ ಬೆನ್ನು ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಅವಳ ಅಪ್ಪ ಕಾರ್ಕಳದ ಕಡೆಯ ತಾಳಮದ್ದಲೆಗಳಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲ, ಕುಣಿತವಿಲ್ಲ; ಕೂತಲ್ಲೇ ಮಾತಿನಿಂದ ಕುರುಕ್ಷೇತ್ರ ಎಬ್ಬಿಸುವ ಕಲೆ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲಿನದ್ದಾದರೆ ಅಪ್ಪನ ಅರ್ಥ ಅರ್ಧ ಗಂಟೆಯದ್ದು. ಚಾಪೆಯ ತುದಿಯಲ್ಲಿ ಕೂತು ಕೇಳಿದ ಹುಡುಗಿಗೆ ಒಂದು ಪಾತ್ರವನ್ನೂ ಯಾರೂ ಕೊಟ್ಟಿರಲಿಲ್ಲ. ಈಗ ಎರಡು ಪಾತ್ರಗಳೂ ಅವಳವೇ.

"ಬಾಗಿಲು ತೆರೆಯಿತು," ಎಂದಳು. "ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ಸತ್ತ ಗಂಡನ ಅಂಗಿಗೆ ಇಸ್ತ್ರಿ ಹಾಕ್ತಾ ಇದ್ದಾಳೆ. 'ಬನ್ನಿ ಪೆಂಬರ್ಟನ್. ನನ್ನನ್ನು ಒಯ್ಯಲು ನಿಮ್ಮನ್ನೇ ಕಳಿಸಿದರಾ?' 'ಕಳಿಸಲಿಲ್ಲ ಮೇಡಂ. ಕೇಳಿಕೊಂಡು ಬಂದೆ.' 'ಯಾಕೆ? ನನ್ನ ಕೈಗೆ ಕೋಳ ಹಾಕುವ ಆಸೆಯೇ?' 'ಅಲ್ಲ. ಬೇರೆಯವರು ಬಂದರೆ ಬೆಲ್ ಒತ್ತುತ್ತಿದ್ದರು. ನಿಮ್ಮ ಗಂಡ ಹೋದ ಸುದ್ದಿ ಬಂದದ್ದು ಬೆಲ್ಲಿನ ಸದ್ದಿನ ಜೊತೆ. ಅಂದಿನಿಂದ ಆ ಸದ್ದಿಗೆ ನೀವು ಬೆಚ್ಚುತ್ತೀರಿ. ಇದು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ತಟ್ಟಿದೆ.'"

ಸೋಫಾದ ಮೇಲೆ ಶಾಂತವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಹರಿಣಾಕ್ಷಿ ನಿಲ್ಲಿಸಲಿಲ್ಲ. ದೇಶ ದೊಡ್ಡದೋ ಸ್ನೇಹ ದೊಡ್ಡದೋ ಎಂದು ಮಿಸೆಸ್ ಆರ್ಡನ್ ಕೇಳಿದಳು, ಪೆಂಬರ್ಟನ್ ಉತ್ತರಿಸಿದ, ಅವಳು ಆ ಉತ್ತರವನ್ನು ಸೀಳಿದಳು, ಅವನು ಮತ್ತೆ ಹೊಲಿದ. ಹಡಗಿನಲ್ಲಿ ಅವಳನ್ನು ಕೊಲ್ಲಲು ಕಾಯುತ್ತಿದ್ದವರ ನಡುವೆ ಅವಳ ಬದಲು ತಾನೇ ಹೋಗಿ ಕೂರುತ್ತೇನೆಂದು ನೋಯುವ ಮಂಡಿಯೂರಿ ಎದ್ದ. "'ಆ ಅಂಗಿ ಕೊಡಿ ಮೇಡಂ, ಹಡಗಿನಲ್ಲಿ ಚಳಿ ಇರುತ್ತದೆ.' ಕೊಟ್ಟಳು. ಅದಿನ್ನೂ ಬೆಚ್ಚಗಿತ್ತು."

ರಿಮೋಟ್ ಒತ್ತಿದಳು. ಪೆಂಬರ್ಟನ್ ಹಡಗಿನಲ್ಲಿ ಕೂತಿದ್ದ. ಮೈಮೇಲೆ ಅಳತೆಗೆ ದೊಡ್ಡದಾದ ಒಂದು ಬಿಳಿ ಅಂಗಿ. ತಿಂಗಳುಗಟ್ಟಲೆ ನೋಡಿದ ಅಂಗಿಯನ್ನು ಅವರೆಲ್ಲ ಮೊದಲ ಸಲ ಕಂಡರು. ಉಸಿರು ಬಿಗಿಹಿಡಿಯಿರಿ ಎಂದು ಈ ಸಲ ಹರಿಣಾಕ್ಷಿ ಯಾವ ಭಾಷೆಯಲ್ಲೂ ಹೇಳಬೇಕಾಗಲಿಲ್ಲ.

"ಮಮ್ಮೀ, ದಟ್ ವಾಸ್ ಸೋ ಗುಡ್," ಎಂದು ಮಗಳು ದೀಪ್ತಿ ಮೊದಲು ಕೈ ಎತ್ತಿದಳು. ಜೊತೆಗೇ ಶಾಂತವ್ವ. ಮುರುಗೆಪ್ಪ ತಲೆ ಕೆರೆದುಕೊಂಡು, "ಕಮಾನು ಸಿಕ್ತು ನೋಡ್ರಿ ಅಕ್ಕಾರ, ಬ್ರಿಜ್ಜು ನಿಂತಿತು," ಎಂದು ಕೈ ಎತ್ತಿದರು. ಶೀನಪ್ಪನ ಕೈ ಆಗಲೇ ಮೇಲಿತ್ತು. ತಪ್ಪಿತಸ್ಥನ ಕೈಗೆ ಅವಸರ ಜಾಸ್ತಿ.

ಉಳಿದದ್ದು ಪಾಯ್ಸ್. ಕನ್ನಡಕ ತೆಗೆದು ಒರೆಸಿದರು. "ನನ್ನ ಓಟು ನಾಲ್ಕನೇ ಕಾಲಕ್ಕೆ. ಹರಿಣಾಕ್ಷಿಯಕ್ಕನ ಕಾಲಕ್ಕೆ."

"ಜಾಣತನ ಬೇಡ ಪಾಯ್ಸರೇ. ಮೂರನೇ ಕಾಲಕ್ಕೆ ಕೈ ಎತ್ತುತ್ತೀರಾ ಇಲ್ವಾ?"

"ಎತ್ತಿದೆ ಮಾರಾಯ್ತಿ, ಎತ್ತಿದೆ! ಎರಡೂ ಎತ್ತಿದೆ!"

"ಯಲ್ಲಾ, ಏಳಿ ಏಳಿ, ಹಾಗಾದ್ರೆ ಅಡುಗೆಮನೆ ಆ ಕಡೆ," ಎಂದಳು ಹರಿಣಾಕ್ಷಿ, ಸೋಫಾದ ನಡುವೆ ಕೂರುತ್ತ. ಆ ದಿನದ ಚಹಾ ಕುಡಿಯುವಂತಿರಲಿಲ್ಲ. ಅವಳು ಎರಡು ಲೋಟ ಕುಡಿದಳು.

ಅಲ್ಲಿಂದ ಶುಕ್ರವಾರಗಳ ರೀತಿಯೇ ಬದಲಾಯಿತು. ಒಂದೊಂದು ವಾರಕ್ಕೆ ಒಂದೊಂದು ಕಂತು, ಬಾಂಗಿನ ನಂತರದ ಭಾಗಕ್ಕೆ ಹರಿಣಾಕ್ಷಿಯ ಅರ್ಥ. ಶಾರ್ಜಾದಿಂದಲೂ ಜನ ಬರತೊಡಗಿದರು.

ಎರಡು ಸಾವಿರದ ನಾಲ್ಕರಲ್ಲಿ ಧಾರಾವಾಹಿಯ ಪೂರ್ತಿ ಡಿವಿಡಿ ಬಂತು. ಪಾಯ್ಸ್ ಲಂಡನ್ನಿನಿಂದ ತರಿಸಿ, ಬಾಗಿಲು ತಟ್ಟುವ ಕಂತನ್ನೇ ಮೊದಲು ಹಾಕಿದರು. ಮಿಸೆಸ್ ಆರ್ಡನ್ ಬಾಗಿಲು ತೆರೆದಳು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ನಾಲ್ಕು ಮಾತು, ಒಂದು ಅಂಗಿ. ಅಷ್ಟೇ. ಹಡಗು ಬಂದುಬಿಟ್ಟಿತು.

ಮುರುಗೆಪ್ಪ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದರಾಗ ಭಾಳ ಕಟ್ ಮಾಡ್ಯಾರಲ್ರೀ ಪಾಯ್ಸರ. ಮೋಸ!"

"ಎಂತ ಮಾಡುವುದು, ಕಂಪೆನಿಯವರಿಗೆ ಪೂರ್ತಿ ಗೊತ್ತಿರ್ಲಿಕ್ಕಿಲ್ಲ," ಎಂದಳು ಹರಿಣಾಕ್ಷಿ, ಸೋಫಾದಲ್ಲಿ ಕಾಲು ಮಡಚಿ ಕೂತು. "ಮುಂದಿನದ್ದು ಹಾಕಿ. ಎಲ್ಲೆಲ್ಲಿ ಕಡಿಮೆಯಾಗಿದೆ, ನಾನು ಹೇಳ್ತೇನೆ."