ಉಸಿರುಗಟ್ಟಿದ್ದ ಕಂಪ್ಯೂಟರ್

ಹಂಗಳದಿಂದ ಬಂದಿದ್ದ ದೊಡ್ಡಮ್ಮ, ಹೊದಿಕೆ ಹೊದಿಸಿದ್ದ ನನ್ನ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟವರೇ ಸರಕ್ಕನೆ ಹಿಂತೆಗೆದರು. "ಇದ್ಕೆ ಉಸ್ರು ಕಟ್ಬುಟ್ಟದೆ ಕಣಮ್ಮಿ! ಮೊದ್ಲು ಈ ಬಟ್ಟೆಯ ತಗಿ," ಎಂದರು.

ತೊಂಬತ್ತರ ದಶಕದ ಕೊನೆಯ ಮಾತು. ಚಾಮರಾಜನಗರದ ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಮಾರನೇ ದಿನವೇ ಟೈಪ್ ಮಾಡಿ ಕೊಡಬೇಕಿತ್ತು. ಆದರೆ ಮನೆಯ ಕಂಪ್ಯೂಟರ್ ಅರ್ಧ ಗಂಟೆ ನಡೆಯುವಷ್ಟರಲ್ಲಿ ನಿಂತುಹೋಗುತ್ತಿತ್ತು. ಟೈಪ್ ಮಾಡಿದ್ದೆಲ್ಲ ಮಾಯ. ಮೈಸೂರಿನಿಂದ ಬಂದ ಮೆಕ್ಯಾನಿಕ್ ವೈರಸ್ ಎಂದು ಎರಡು ಸಲ ಎಲ್ಲವನ್ನೂ ಅಳಿಸಿ, ಹೊಸದಾಗಿ ತುಂಬಿಸಿ ಹೋಗಿದ್ದ. ಅವನು ಬರುವ ಮುಂಚೆ ನಾನು ಹೊದಿಕೆ ತೆಗೆದಿಡುತ್ತಿದ್ದೆ, ಹೋದೊಡನೆ ಮತ್ತೆ ಹೊದಿಸುತ್ತಿದ್ದೆ. ದೂಳು ಕೂರಬಾರದೆಂದು ನಾನೇ ಕಸೂತಿ ಹಾಕಿದ ದಪ್ಪ ಹೊದಿಕೆ ಅದು.

ದೊಡ್ಡಮ್ಮ ವರ್ಷವಿಡೀ ರೇಷ್ಮೆಹುಳು ಸಾಕುವವರು. "ಹುಳಿನ ಮನೇಲಿ ಗಾಳಿ ಆಡ್ದೆ ಸೆಕೆ ತುಂಬ್ಕಂಡ್ರೆ ಒಂದು ಹುಳನೂ ಗೂಡು ಕಟ್ಟಕಿಲ್ಲ. ಇದೂ ಅಂಗೆಯ," ಎಂದರು. ಅವರ ಸಮಾಧಾನಕ್ಕೆಂದು ಹೊದಿಕೆ ತೆಗೆದು ಟೈಪ್ ಮಾಡಲು ಕುಳಿತೆ. ಸಂಜೆಯವರೆಗೂ ಅದು ಒಮ್ಮೆಯೂ ನಿಲ್ಲಲಿಲ್ಲ.

ಆ ಹೊದಿಕೆ ಮತ್ತೆ ಬೀರುವಿನಿಂದ ಹೊರಬರಲಿಲ್ಲ. ಆಮೇಲೆ ದೊಡ್ಡಮ್ಮ ಬಂದಾಗಲೆಲ್ಲ ಮೊದಲು ಆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ನಾನು ಚೆನ್ನಾಗಿದ್ದೇನೆಯೇ ಎಂದು ಕೇಳುತ್ತಿದ್ದುದು ಅದಾದ ಮೇಲೆಯೇ.